ಕಮಲಾಪುರದ ತಿರುವು, ಹೊಸ ಟೈರು

ಟೈರಿನ ಅಂಗಡಿಯಲ್ಲಿ ಜೀವಮಾನ ಕಳೆದವನು ಬರೆಯುವುದಾದರೂ ಏನನ್ನು ಎಂದು ನನ್ನ ಹೆಂಡತಿ ನಗುತ್ತಾಳೆ. ನಗಲು ಅವಳಿಗೆ ಹಕ್ಕಿದೆ, ನನ್ನ ಅಂಗಿಯ ಕರಿ ತೆಗೆಯುವುದರಲ್ಲಿ ಅವಳ ಅರ್ಧ ಆಯುಷ್ಯ ಹೋಗಿದೆ. ಆದರೆ ಈಚೆಗೆ ನಮ್ಮ ಬ್ರಹ್ಮಪುರದ ಓಣಿಯ ಇಬ್ಬರು ತರುಣರು ಟೈರಿನ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದರು. ಆಶೀರ್ವಾದ ತೆಗೆದುಕೊಳ್ಳಲು ಬಂದವರು ಹೋಗುವಾಗ, "ಕಾಕಾ, ಇದರಾಗ ಕಲಿಯೋದು ಏನದ ರೀ? ಮಶೀನ್ ಬಿಚ್ಚತದ, ಮಶೀನ್ ಹಾಕತದ" ಎಂದು ಹೇಳಿ ಹೋದರು. ನನಗೆ ಮೈಯೆಲ್ಲ ಉರಿಯಿತು. ಉರಿ ಇಳಿದ ಮೇಲೆ ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ಯಾವಾಗ ಫಿಟ್ಟರ್ ಆದೆ, ಯಾವಾಗ ಕೌಂಟರಿಗೆ ಬಂದೆ, ಸಂಬಳ ಹೇಗೆ ಏರಿತು ಎಂಬುದೆಲ್ಲ ಯಾರಿಗೂ ಬೇಡದ ಮಾತು. ನನ್ನನ್ನು ಬೆರಗುಗೊಳಿಸಿದ ಸಂಗತಿಗಳನ್ನಷ್ಟೇ ಹೇಳುತ್ತೇನೆ. ಅದರಲ್ಲೂ ಸ್ಪೋರ್ಟ್ಸ್ ಬೈಕಿನ ಟೈರಿನ ವಿಷಯ ಹೆಚ್ಚು ಹೇಳುತ್ತೇನೆ, ಏಕೆಂದರೆ ಅಲ್ಲಿ ತಪ್ಪಿಗೆ ಜಾಗ ಬಹಳ ಕಡಿಮೆ.

ನಮ್ಮ ಅಂಗಡಿ ಇದ್ದದ್ದು ಕೋಟೆಗೆ ಹೋಗುವ ರಸ್ತೆಯಲ್ಲಿ. ನನಗೆ ಕೆಲಸ ಕಲಿಸಿದವರು ಮೆಹಬೂಬ ಉಸ್ತಾದರು. ಅವರು ಸಿಟ್ಟಿನ ಮನುಷ್ಯ, ಆದರೆ ಟೈರನ್ನು ಮುಟ್ಟುವಾಗ ಮಾತ್ರ ಮೆತ್ತಗಾಗುತ್ತಿದ್ದರು. ನಮ್ಮ ಅಂಗಡಿಗೆ ಮೊದಲ ಸಲ ಸ್ಪೋರ್ಟ್ಸ್ ಬೈಕು ಬಂದ ದಿನ ನಾವೆಲ್ಲ ಅದರ ಬಣ್ಣ, ಅದರ ಪೆಟ್ರೋಲ್ ಟಾಕಿ, ಅದರ ಸದ್ದು ನೋಡುತ್ತ ನಿಂತಿದ್ದರೆ, ಉಸ್ತಾದರು ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತು ಹಿಂದಿನ ಗಾಲಿ ನೋಡುತ್ತಿದ್ದರು. ಆಮೇಲೆ ಗಾಲಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿಸಿದರು. ಟ್ಯೂಬುಗಳಿಗೆ ಹಚ್ಚುವ ಬಿಳಿ ಪುಡಿಯನ್ನು ಟೈರಿನ ಸುತ್ತ ಬಳಿದರು. ಗಾಡಿಯನ್ನು ಮೆಲ್ಲಗೆ ನಮ್ಮ ಶಹಾಬಾದ್ ಕಲ್ಲಿನ ನೆಲಕ್ಕೆ ಇಳಿಸಿ, ಸವಾರನನ್ನು ಮೇಲೆ ಕೂರಿಸಿ ಇಳಿಸಿ, ಮತ್ತೆ ಎತ್ತಿಸಿದರು. ಕಪ್ಪು ಕಲ್ಲಿನ ಮೇಲೆ ಒಂದು ಬಿಳಿ ಗುರುತು ಉಳಿಯಿತು.

"ಏ ಬಸಣ್ಣಾ, ಇಲ್ಲಿ ಹಾತ್ ಇಡು ನೋಡಮು" ಎಂದರು. ನಾನು ಅಂಗೈ ಇಟ್ಟೆ. ಗುರುತು ಪೂರ್ತಿ ಮುಚ್ಚಿಹೋಯಿತು.

"ಇಷ್ಟೇ ನೋಡು. ಇಷ್ಟು ದೊಡ್ಡ ಗಾಡಿ, ಅದರ ಮ್ಯಾಲ ಒಬ್ಬ ಮನಷ್ಯಾ, ಅವನ ಮನಿ ಮಂದಿ, ಎಲ್ಲಾರ ಜಾನ್ ಇಷ್ಟು ಜಾಗಾದ ಮ್ಯಾಲ ನಿಂತದ."

ಆಮೇಲೆ ಗಾಡಿಯನ್ನು ಇಬ್ಬರು ಹಿಡಿದು ಒಂದು ಪಕ್ಕಕ್ಕೆ ವಾಲಿಸಿ ಒತ್ತಿದರು. ಈ ಸಲ ಗುರುತು ಬಿದ್ದದ್ದು ಟೈರಿನ ನಡುವಿನಿಂದಲ್ಲ, ಅದರ ಬದಿಯಿಂದ. ಆಕಾರವೇ ಬೇರೆಯಾಗಿತ್ತು. ನೇರ ಹೋಗುವಾಗ ನೆಲ ಮುಟ್ಟುವ ರಬ್ಬರು ಬೇರೆ, ತಿರುವಿನಲ್ಲಿ ವಾಲಿದಾಗ ಮುಟ್ಟುವ ರಬ್ಬರು ಬೇರೆ ಎಂದು ಅವರು ತೋರಿಸಿದರು. ಈ ಬೈಕಿನ ಟೈರು ದುಂಡಗಿರುವುದು ಚಂದಕ್ಕಲ್ಲ, ಹೀಗೆ ವಾಲಲಿಕ್ಕೆ. ನಾನು ಆ ರಾತ್ರಿ ಮನೆಗೆ ಹೋಗಿ ಊಟಕ್ಕೆ ಕುಳಿತಾಗಲೂ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದೆ. ಅಮ್ಮ ಸುಟ್ಟುಕೊಂಡಿಯೇನೋ ಎಂದು ಕೇಳಿದಳು.

ಉಸ್ತಾದರು ಹೀಗೆ ಹೇಳಿದರೆ, ನಮ್ಮ ಅಂಗಡಿಯ ಸಾಹುಕಾರರದು ಬೇರೆ ಮಾತು. ಗಿರಾಕಿ ಕೇಳಿದ್ದನ್ನು ಕೊಡಬೇಕು, ಎದುರು ಮಾತಾಡಬಾರದು ಎನ್ನುವುದು ಅವರ ಕಟ್ಟಳೆ. ಒಮ್ಮೆ ಒಬ್ಬ ತರುಣ ಬಂದು ಹಿಂದಿನ ಗಾಲಿಗೆ ದಪ್ಪ ಟೈರೇ ಬೇಕು ಎಂದು ಹಟ ಹಿಡಿದ. ದಪ್ಪಗಿದ್ದರೆ ನೋಡಲು ಗತ್ತು, ಹಿಡಿತವೂ ಜಾಸ್ತಿ ಎಂದು ಯಾರೋ ಅವನ ತಲೆಗೆ ತುಂಬಿದ್ದರು. ಆ ರಿಮ್ಮಿಗೆ ಅದು ಹೊಂದುವುದಿಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹುಕಾರರು ಕಣ್ಣು ಬಿಟ್ಟರು. ಹಾಕಿಕೊಟ್ಟೆ. ಇಕ್ಕಟ್ಟಿನ ರಿಮ್ಮಿನಲ್ಲಿ ಕುಳಿತ ದಪ್ಪ ಟೈರು ಬದಿಗಳಿಂದ ಒತ್ತಿಸಿಕೊಂಡು ನಡುವೆ ಉಬ್ಬಿ ನಿಂತಿತು. ಗಾಡಿ ತಿರುಗಲು ಒಲ್ಲೆ ಅನ್ನುತ್ತಿತ್ತು. ಕೆಲವೇ ದಿನಕ್ಕೆ ಅವನು ಗಾಡಿ ತಳ್ಳಿಕೊಂಡು ವಾಪಸು ಬಂದ. ಚೈನು ಟೈರಿನ ಕಿವಿಯನ್ನು, ಅಂದರೆ ಬದಿಯ ಅಂಚನ್ನು, ಉಜ್ಜಿ ಉಜ್ಜಿ ಒಳಗಿನ ದಾರ ಹೊರಗೆ ತೆಗೆದಿತ್ತು. ಸಾಹುಕಾರರು ಗಿರಾಕಿಯ ಎದುರಿಗೇ ನನ್ನ ಕಡೆ ತಿರುಗಿ, "ಯಾಕೋ ಬಸಣ್ಣಾ, ನಿನಗ ಬಾಯಿ ಇದ್ದಿದ್ದಿಲ್ಲೇನು?" ಎಂದರು. ಅಂದಿನಿಂದ ನನಗೆ ಬಾಯಿ ಬಂತು. ಆಮೇಲೆ ಅದನ್ನು ಮುಚ್ಚಿಸಲು ಅವರಿಂದಲೂ ಆಗಲಿಲ್ಲ.

ನಮ್ಮ ಊರಿನ ಬಿಸಿಲಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಬರಹ ಕಲಬುರಗಿಯವನದ್ದು ಎಂದು ಯಾರೂ ನಂಬಲಿಕ್ಕಿಲ್ಲ. ಬೇಸಿಗೆ ಬಂತೆಂದರೆ ಸಾಕು, ಗಾಡಿ ತಂದವರೆಲ್ಲ ಹೇಳುವುದು ಒಂದೇ: "ಹವಾ ಕಮ್ಮಿ ಹಾಕ್ರಿ, ಬಿಸಲಿಗಿ ಹಿಗ್ಗಿ ಟೈರ್ ಒಡೀತದ." ಇದು ಅಪ್ಪನಿಂದ ಮಗನಿಗೆ ಬಂದ ನಂಬಿಕೆ. ನಿಜ ಇರುವುದು ಇದರ ತಿರುಗುಮುರುಗು. ಗಾಳಿ ಕಡಿಮೆಯಿದ್ದ ಟೈರು ಪ್ರತಿ ಸುತ್ತಿಗೂ ಮೈ ಮಡಚಿಕೊಳ್ಳುತ್ತದೆ, ಮಡಚಿಕೊಂಡಷ್ಟೂ ಒಳಗಿನಿಂದಲೇ ಕಾಯುತ್ತದೆ. ಹೊರಗಿನ ಬಿಸಿಲು ಸಾಲದು ಎಂದು ಒಳಗೊಂದು ಒಲೆ ಹೊತ್ತಿಸಿದಂತೆ. ಗಾಡಿಯ ಮೇಲೆ ಬರೆದಷ್ಟೇ ಗಾಳಿ ಹಾಕಿಸಿ, ಅದೂ ಮುಂಜಾನೆ ಗಾಡಿ ತಣ್ಣಗಿದ್ದಾಗ ಹಾಕಿಸಿ ಎಂದು ಎಷ್ಟು ಬೇಸಿಗೆ ಬಾಯಿ ಒಣಗಿಸಿಕೊಂಡೆನೋ. ಕೇಳಿದವರು ಕೇಳಿದರು. ಕೇಳದವರು ಮುಂದಿನ ಪಂಚರ್ ಅಂಗಡಿಯಲ್ಲಿ ಗಾಳಿ ಬಿಡಿಸಿಕೊಂಡು ಹೋದರು.

ನನ್ನ ಕಣ್ಣ ಮುಂದೆಯೇ ಕೆಲಸದ ಬಗೆ ಬದಲಾಯಿತು. ಮೊದಲು ಕಬ್ಬಿಣದ ಪಟ್ಟಿ, ಸೋಪಿನ ನೀರು, ಮೊಣಕಾಲಿನ ಬಲ. ಆಮೇಲೆ ಮಶೀನು ಬಂತು, ಗಾಲಿಯ ತೂಕ ಸರಿದೂಗಿಸುವ ಯಂತ್ರ ಬಂತು. ಈಗ ಗಿರಾಕಿಗಳು ಮೊಬೈಲಿನಲ್ಲಿ ವಿಡಿಯೋ ನೋಡಿ, ಯಾವ ಟೈರು ಬೇಕೆಂದು ತೀರ್ಮಾನ ಮಾಡಿಕೊಂಡೇ ಬರುತ್ತಾರೆ. ನಾನು ಇದನ್ನು ಬೈಯುವವನಲ್ಲ. ಎಷ್ಟೋ ಸಂಗತಿ ನಾನೂ ಅಲ್ಲಿಂದಲೇ ಕಲಿತೆ. ಆದರೆ ಆ ವಿಡಿಯೋ ಮಾಡಿದವನು ನಮ್ಮ ರಸ್ತೆಯ ಮೇಲೆ ಓಡಾಡಿದವನಲ್ಲ, ಅಷ್ಟೇ ನನ್ನ ತಕರಾರು. ಗಾಡಿ ನೋಡಿ ಅಳತೆ ಹೇಳಬಹುದು, ಯಾವ ಜಾತಿಯ ಟೈರು ಎನ್ನುವುದನ್ನು ದಾರಿ ಕೇಳದೆ ಹೇಳಲಾಗದು.

ಸುವರ್ಣಾ ನಮ್ಮ ಅಂಗಡಿಗೆ ಬಂದದ್ದು ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮೊದಲು. ಹೆಲ್ಮೆಟ್ ತೆಗೆದಾಗಲೇ ಅದು ಹುಡುಗಿ ಎಂದು ನನಗೆ ಗೊತ್ತಾದದ್ದು. ಕಮಲಾಪುರದವಳು, ಕಲಬುರಗಿಯ ಒಂದು ಶಾಲೆಯಲ್ಲಿ ಆಟ ಕಲಿಸುವ ಟೀಚರು. ಊರಿನಿಂದ ದಿನಾ ಬೈಕಿನಲ್ಲೇ ಬಂದು ಹೋಗುತ್ತಿದ್ದಳು.

"ಕಾಕಾ, ಎರಡೂ ಟೈರ್ ಬದ್ಲಿ ಮಾಡಬೇಕ್ರಿ. ರೇಸಿನ್ಯಾಗ ಹಾಕ್ತಾರಲ್ಲ, ಮೆತ್ತಂದು, ಅಂಥಾವು ಕೊಡ್ರಿ."

"ರೇಸ್ ಎಲ್ಲಿ ಓಡ್ಸತೀರಿ ಅಕ್ಕೋರ?"

"ಅಕ್ಕೋರ ಅನಬ್ಯಾಡ್ರಿ ಕಾಕಾ. ಸಾಲ್ಯಾಗ ದಿನಾ ಅದೇ ಕೇಳಿ ಕಿವಿ ತೂತ ಬಿದ್ದಾವ. ಸುವರ್ಣಾ ಅನ್ರಿ ಸಾಕು."

"ಆಯ್ತವ್ವ ಸುವರ್ಣಾ. ನಿನ್ನ ದಾರಿ ಹೇಳು ಮೊದಲು. ಮನಿ ಬಾಗಲದಿಂದ ಸಾಲಿ ಗೇಟಿನ ತನಕ."

ಬೇರೆಯವರಾಗಿದ್ದರೆ 'ಹೈವೇ ಅದ ರೀ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಅವಳು ಕಣ್ಣು ಮುಚ್ಚಿದಳು. ಎರಡೂ ಕೈ ಮುಂದೆ ಚಾಚಿ, ಹ್ಯಾಂಡಲ್ ಹಿಡಿದವಳಂತೆ ಕೂತು ಹೇಳತೊಡಗಿದಳು. "ಮನಿ ಮುಂದ ಫರಸಿ ಕಲ್ಲು, ಮಳಿ ಬಂದ್ರ ಜಾರತಾವ. ಊರು ಬಿಡೋವಾಗ ಒಂದು ಎಡ ತಿರುವು. ಅಲ್ಲಿ ಟ್ರ್ಯಾಕ್ಟರಿನ ಗಾಲಿಯಿಂದ ಕರಿ ಮಣ್ಣು ಉದರಿ ಬಿದ್ದಿರ್ತದ. ಮುಂದ ರೋಡ್ ಚೊಲೊ ಅದ. ತೊಗರಿ ರಾಶಿ ಬಂತಂದ್ರ ರೋಡಿನ ಮ್ಯಾಲೇ ಹೊಟ್ಟು ಹಾರಿ ಬಿದ್ದಿರ್ತದ. ಆಮ್ಯಾಲ ಒಂದು ಕಡಿ ಡಾಂಬರ್ ಎದ್ದದ, ಅಲ್ಲಿ ನಾ ನಡು ಬಿಟ್ಟು ಬಲಕ್ಕ ಹೋಗ್ತೀನಿ..." ಅವಳ ಕೈಗಳು ಗಾಳಿಯಲ್ಲೇ ತಿರುಗುತ್ತಿದ್ದವು, ಮೈ ಸ್ವಲ್ಪ ಸ್ವಲ್ಪ ವಾಲುತ್ತಿತ್ತು. ನಾನು ಎಷ್ಟೋ ಸವಾರರನ್ನು ನೋಡಿದ್ದೇನೆ. ದಾರಿಯನ್ನು ಹೀಗೆ ಮೈಯಲ್ಲಿ ಇಟ್ಟುಕೊಂಡವರನ್ನು ನೋಡಿರಲಿಲ್ಲ. ಅಂಗಡಿಯ ಮಂದಿಯೆಲ್ಲ ಕೆಲಸ ಬಿಟ್ಟು ನಿಂತುಬಿಟ್ಟಿದ್ದರು.

ಆಮೇಲೆ ಇಬ್ಬರೂ ಕೂತು ಆರಿಸಿದೆವು. ರೇಸಿನ ಮೆತ್ತನೆಯ ಟೈರು ಕಾದ ಮೇಲೆ ಅಂಟಿನಂತೆ ಹಿಡಿಯುತ್ತದೆ, ಖರೆ. ಆದರೆ ಅದಕ್ಕೆ ಆ ಕಾವು ಬರಬೇಕು. ಚಳಿಗಾಲದ ನಸುಕಿನಲ್ಲಿ ಮನೆ ಬಿಡುವವಳಿಗೆ ಮೊದಲ ತಿರುವಿನಲ್ಲೇ ಹಿಡಿತ ಬೇಕು. ಮಳೆನೀರು ಹೊರಗೆ ಹೋಗಲು ಆ ಟೈರಿನಲ್ಲಿ ಗೆರೆಗಳೂ ಕಡಿಮೆ. ದಿನಾ ನೇರ ರಸ್ತೆಯಲ್ಲಿ ಓಡಿದರೆ ನಡುಭಾಗ ಬೇಗ ಸವೆದು ಚಪ್ಪಟೆಯಾಗುತ್ತದೆ. ಆದ್ದರಿಂದ ನಡುವೆ ಗಟ್ಟಿ, ಬದಿಗಳಲ್ಲಿ ಮೆತ್ತಗೆ ಇರುವ, ಮಳೆಗೆ ಗೆರೆಯಿರುವ ಟೈರು ಅವಳಿಗೆ ಸರಿ ಎಂದೆ. ಮುಂದಿನದು ಹಿಂದಿನದು ಎರಡೂ ಒಂದೇ ಜೋಡಿಯವು. ಅಳತೆ ಗಾಡಿಯ ಮೇಲೆ ಬರೆದದ್ದೇ, ಒಂದು ಕೂದಲೆಳೆಯೂ ಹೆಚ್ಚಿಲ್ಲ. ಟೈರಿನ ಬದಿಯಲ್ಲಿ ಅದು ಹುಟ್ಟಿದ ವಾರ ಮತ್ತು ವರ್ಷ ಒತ್ತಿರುತ್ತದೆ, ಅದನ್ನು ಅವಳಿಗೇ ಓದಿಸಿದೆ. ಹಳೆಯ ಮಾಲಿಗೆ ಕರಿ ಪಾಲಿಶ್ ಬಳಿದು ಹೊಸದೆಂದು ಮಾರುವವರು ಇರುತ್ತಾರೆ. ತಿರುಗುವ ದಿಕ್ಕಿನ ಬಾಣದ ಗುರುತು ತೋರಿಸಿದೆ. ಹೊಸ ಟೈರಿನ ಮೈ ನುಣುಪು ಇರುತ್ತದೆ, ಅದು ಉಜ್ಜಿಹೋಗುವ ತನಕ ಜೋರಾಗಿ ವಾಲಿಸಬೇಡ ಎಂದು ಎರಡೆರಡು ಸಲ ಹೇಳಿದೆ.

ಅವಳು ಅಕ್ಷರಶಃ ಹಾಗೆಯೇ ಮಾಡಿದಳು. ಕೆಲವು ದಿನದ ಮೇಲೆ ಬಂದು ಟೈರು ತೋರಿಸಿ ಹೋದಳು. ಬದಿಗಳ ತನಕ ಒಂದೇ ಸಮ ಮಂಕಾಗಿ, ಹದವಾಗಿ ಉಜ್ಜಿತ್ತು. ನೋಡಿ ನನಗೆ ಹಿಗ್ಗಾಯಿತು.

ದಸರೆ ಮುಗಿದ ಮೇಲೆ ಅಂಗಡಿಗೆ ಒಂದು ಫೋನು ಬಂತು. ಅತ್ತ ಕಡೆಯ ಗಂಡು ದನಿ ತನ್ನ ಹೆಸರು ಶಿವಶರಣಪ್ಪ, ಸುವರ್ಣಾಳ ತಂದೆ ಎಂದಿತು. "ನೀವು ಹಾಕಿದ ಟೈರ್ ನನ್ನ ಮಗಳ ಕೈ ಮುರದದ ರೀ. ಊರ ತಿರುವಿನ್ಯಾಗೇ ಜಾರಿ ಬಿದ್ದಾಳ. ಹೊಸಾ ಟೈರ್ ಹ್ಯಾಂಗ ಜಾರತಾವ, ಬಂದು ಹೇಳ್ರಿ ನನಗ" ಎಂದು ಫೋನು ಇಟ್ಟರು. ನಾನು ಆರಿಸಿದ ಟೈರು. ನಾನೇ ಬಡಾಯಿ ಕೊಚ್ಚಿಕೊಂಡ ಟೈರು. ಮರುದಿನ ಮುಂಜಾನೆಯ ಬಸ್ಸಿಗೆ ಕಮಲಾಪುರಕ್ಕೆ ಹೋದೆ.

ಶಿವಶರಣಪ್ಪನವರು ಧೋತರ, ಬಿಳಿ ಅಂಗಿಯ ಎತ್ತರದ ಆಳು. ಕೆಂಪು ಬಾಳೆಯ ತೋಟ ಅವರದು. ಬಾಗಿಲಲ್ಲಿ ನನ್ನನ್ನು ನೋಡಿ ಮುಖ ಬಿಗಿದುಕೊಂಡರು. ಆದರೂ ಒಳಗಿನಿಂದ ತಂಬಿಗೆ ತಂದು ಎದುರಿಗೆ ಇಟ್ಟರು.

"ಮೊದಲು ನೀರು ಕುಡೀರಿ. ಜಗಳ ಆಮ್ಯಾಲ ಮಾಡಮು."

ನೀರು ಕುಡಿದ ಮೇಲೆ ಜಗಳ ಸರಿಯಾಗಿಯೇ ಮಾಡಿದರು. ಈ ಗಾಡಿ ಹೆಣ್ಣುಮಕ್ಕಳಿಗಲ್ಲ ಎಂದು ಮೊದಲೇ ಹೇಳಿದ್ದೆ, ಅವಳು ಕೇಳಲಿಲ್ಲ, ಈಗ ಗಾಡಿ ಮಾರಲು ಒಬ್ಬನಿಗೆ ಮಾತು ಕೊಟ್ಟಾಗಿದೆ, ನಾಳೆ ಬಂದು ಒಯ್ಯುತ್ತಾನೆ ಎಂದರು. ನಾನು ಮೊದಲು ಟೈರು ನೋಡುತ್ತೇನೆ ಎಂದೆ.

ಬೈಕನ್ನು ಬಾಳೆಗೊನೆ ಇಡುವ ಛಾವಣಿಯ ಕೆಳಗೆ ನಿಲ್ಲಿಸಿದ್ದರು. ಎಡಬದಿ ತರಚಿತ್ತು, ಕ್ಲಚ್ಚಿನ ಹಿಡಿ ಮುರಿದಿತ್ತು. ನಾನು ಹಿಂದಿನ ಗಾಲಿಯ ಹತ್ತಿರ ಕುಳಿತೆ. ಟೈರಿನ ನಡುಭಾಗ ರಸ್ತೆಗೆ ಉಜ್ಜಿ ಮಂಕಾಗಿತ್ತು, ಅದು ಸರಿಯಾಗಿಯೇ ಇತ್ತು. ಬದಿಗಳು ಮಾತ್ರ ಮೆತ್ತಿಕೊಂಡ ಧೂಳಿನ ನಡುನಡುವೆಯೂ ಹೊಳೆಯುತ್ತಿದ್ದವು. ಬೆರಳು ಒರೆಸಿದೆ, ಜಿಡ್ಡು. ಮೂಗಿಗೆ ಹಿಡಿದೆ. ಕುಸುಬಿ ಎಣ್ಣೆ. ಕಲಬುರಗಿಯ ಅಡಿಗೆ ಮನೆಯಲ್ಲಿ ಬೆಳೆದವನಿಗೆ ಆ ವಾಸನೆ ಯಾರೂ ಹೇಳಿಕೊಡಬೇಕಿಲ್ಲ. ಮನೆಯಿಂದ ಊರ ತಿರುವಿನ ತನಕ ದಾರಿ ನೇರ. ನಡುವಿನ ಎಣ್ಣೆ ಅಷ್ಟರಲ್ಲಿ ಉಜ್ಜಿಹೋಗಿತ್ತು. ತಿರುವಿನಲ್ಲಿ ಗಾಡಿ ವಾಲಿದಾಗ ನೆಲಕ್ಕೆ ತಾಗಿದ್ದು ಎಣ್ಣೆಯ ಬದಿ.

ತಲೆ ಎತ್ತಿದೆ. ಸುವರ್ಣಾ ಒಳಬಾಗಿಲಿಗೆ ಒರಗಿ ನಿಂತಿದ್ದಳು, ಎಡಗೈಗೆ ಪ್ಲಾಸ್ಟರ್. ನನ್ನ ಬೆರಳನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಮೆಲ್ಲಗೆ ತಲೆ ಆಡಿಸಿ ಬೇಡ ಅಂದಳು.

ಅಷ್ಟರಲ್ಲಿ ಅವಳ ಅಪ್ಪ ತಾವಾಗಿಯೇ ಹೇಳಿದರು. "ನೋಡಾಕ ಚಂದ ಇದ್ದುವು ಬಿಡ್ರಿ ಟೈರ್. ಖಂಡೇ ಪೂಜಿ ದಿನ ನಾನೇ ಕುಂತು ತೊಳದು, ಎಣ್ಣಿ ಹಚ್ಚಿ, ಕನ್ನಡಿ ಹಂಗ ಹೊಳಸಿದ್ದೆ. ಮರುದಿನಾನೇ ಹಿಂಗಾಯ್ತು." ಹೇಳಿ, ಚಹಾ ಮಾಡಿಸಲು ಒಳಗೆ ಹೋದರು. ಜಗಳವಾಡಿದವನಿಗೂ ಚಹಾ ಕೊಡದೆ ಕಳಿಸುವ ಮನೆ ಅದಾಗಿರಲಿಲ್ಲ.

ಸುವರ್ಣಾ ಹತ್ತಿರ ಬಂದು ದನಿ ತಗ್ಗಿಸಿದಳು.

"ಹೇಳಬ್ಯಾಡ್ರಿ ಕಾಕಾ. ನನ್ನ ಕೈ ತಪ್ಪಿತು ಅನ್ರಿ, ಇಲ್ಲಾ ಟೈರ್ ಖರಾಬ್ ಇತ್ತು ಅನ್ರಿ. ಏನರೆ ಅನ್ರಿ."

"ನಿನಗ ಗೊತ್ತಿತ್ತು?"

"ಗೊತ್ತಿತ್ರಿ."

ಆಮೇಲೆ ಅವಳು ಹೇಳಿದ್ದನ್ನು ನಾನು ಮರೆಯಲಾರೆ. ಅವಳು ಬೈಕು ತಂದ ದಿನದಿಂದ ಅಪ್ಪ ಅದನ್ನು ಮುಟ್ಟಿರಲಿಲ್ಲ. ಅದರ ಕಡೆ ತಿರುಗಿಯೂ ನೋಡಿರಲಿಲ್ಲ, ಮಗಳ ಜೊತೆ ಮಾತೂ ಕಡಿಮೆ ಮಾಡಿದ್ದರು. ಅವರ ಮನೆಯಲ್ಲಿ ಖಂಡೇ ಪೂಜೆಯ ದಿನ, ಅಂದರೆ ಮಹಾನವಮಿಗೆ, ದುಡಿಯುವ ಸಾಮಾನನ್ನೆಲ್ಲ ತೊಳೆದು, ಎಣ್ಣೆ ಹಚ್ಚಿ, ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಪೂಜೆ ಮಾಡುತ್ತಾರೆ. ಟ್ರ್ಯಾಕ್ಟರು, ನೇಗಿಲು, ಪಂಪು, ಬಾಳೆ ಕತ್ತರಿಸುವ ಕುಡುಗೋಲು. ಸುವರ್ಣಾಳ ಬೈಕು ಯಾವ ವರ್ಷವೂ ಆ ಸಾಲಿನಲ್ಲಿ ನಿಂತಿರಲಿಲ್ಲ. ಅವಳು ಅದನ್ನು ಮನೆಯ ಹಿಂದೆ ಒಬ್ಬಳೇ ಪೂಜೆ ಮಾಡುತ್ತಿದ್ದಳು.

"ಈ ಸಲ ಅಪ್ಪ ತಾನೇ ಹೋಗಿ ತಳ್ಕೊಂಡು ಬಂದ ಕಾಕಾ. ಟ್ರ್ಯಾಕ್ಟರಿನ ಬಾಜೂಕ ನಿಂದ್ರಿಸಿದ. ನನಗ ಏನೂ ಅನ್ನಲಿಲ್ಲ. ನೆಲಕ್ಕ ಕುಂತು ಗಾಲಿ ತೊಳದು ಎಣ್ಣಿ ಹಚ್ಚಾಕತ್ತಿದ. ನಾ ಒಳಗ ಹೋಗಿ ಅತ್ತೀನಿ."

"ಆಮ್ಯಾಲರೆ ಒರಸಬೇಕಿತ್ತಲ್ಲವ್ವಾ."

"ಮರುದಿನ ಮುಂಜಾನಿ, ರಜಾ ಇದ್ರೂ ಸಾಲಿ ಹುಡುಗರ ಆಟಕ್ಕಂತ ನಾ ಹೊಂಡೋವಾಗ ಬಾಗಲದಾಗ ನಿಂತು ನೋಡ್ಲಾಕತ್ತಿದ್ದ. ಒಂದು ದಿನಾನೂ ಹಂಗ ನಿಂತಿದ್ದಿಲ್ಲ. ಅವನ ಕಣ್ಣ ಮುಂದ ಹ್ಯಾಂಗ ಒರಸಲಿ ಕಾಕಾ? ತಿರುವು ದಾಟಿ, ಕಾಣದಂಗ ನಿಂತು ಒರಸಮು, ಅಲ್ಲಿತನಕ ಮೆಲ್ಲಕ ಹೋಗಮು ಅಂದ್ಕೊಂಡೆ. ತಿರುವಿನ್ಯಾಗ ಎದುರಿಗಿ ಟ್ರ್ಯಾಕ್ಟರ್ ಬಂತು. ವಾಲಿಸಲೇಬೇಕಾಯ್ತು."

ಎಣ್ಣೆಯ ಟೈರು ಏನು ಮಾಡುತ್ತದೆ ಎಂದು ಚೆನ್ನಾಗಿ ಗೊತ್ತಿದ್ದವಳು, ಅಪ್ಪ ಹಚ್ಚಿದ ಎಣ್ಣೆ ಎಂದು ಅದರ ಮೇಲೆಯೇ ಗಾಡಿ ಹತ್ತಿ ಹೋದಳು. ಇದನ್ನು ಹುಚ್ಚು ಅನ್ನಬೇಕು, ಮನಸ್ಸಿನಲ್ಲಿ ಅಂದೆ ಕೂಡ. ಈಗ ಆ ಗಾಡಿಯನ್ನೇ ಬಿಟ್ಟುಕೊಡಲೂ ತಯಾರಾಗಿದ್ದಳು, ಅಪ್ಪನಿಗೆ ಮಾತ್ರ ತಿಳಿಯಬಾರದು.

ಸುಮ್ಮನೆ ಎದ್ದು ಬರಬಹುದಿತ್ತು. ತಪ್ಪು ಟೈರಿನದು ಎಂದು ಒಪ್ಪಿಕೊಂಡರೆ ಹೋಗುವುದು ನನ್ನ ಹೆಸರಷ್ಟೇ. ಆದರೆ ನಾಳೆ ಬಂದು ಗಾಡಿ ಒಯ್ಯುವವನೂ ಅದೇ ತಿರುವು ದಾಟಬೇಕು. ಎಣ್ಣೆ ಹತ್ತಿದ ಟೈರನ್ನು ಕಂಡೂ ಬಿಟ್ಟು ಬರಲು ನನ್ನ ಕೈಲಿ ಆಗಲಿಲ್ಲ. ಚಹಾ ಹಿಡಿದು ಬಂದ ಶಿವಶರಣಪ್ಪನವರಿಗೆ, "ಒಂದು ಬಕೀಟ್ ಬಿಸಿನೀರು, ಸೋಪಿನ ಪುಡಿ, ಬ್ರಶ್ ಕೊಡ್ರಿ" ಎಂದೆ.

"ಕೊಟ್ಟು ಬಿಡೋ ಗಾಡಿ, ತೊಳದು ಏನ್ ಮಾಡ್ತೀರಿ?"

"ಯಾರರೆ ಓಡಸ್ಲಿ ರೀ, ಟೈರ್ ಹಿಂಗ ಬಿಡಾಕ ಬರಲ್ಲ."

ಅಷ್ಟೇ ಹೇಳಿದೆ. ಎಣ್ಣೆಯ ಮಾತು ಎತ್ತಲಿಲ್ಲ. ಬಿಸಿನೀರು ಸುರಿದು ಉಜ್ಜತೊಡಗಿದೆ. ಶಿವಶರಣಪ್ಪನವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಕರಿ ನೊರೆ ಫರಸಿಯ ಮೇಲೆ ಇಳಿಯಿತು, ಅದರ ಮೇಲೆ ಎಣ್ಣೆಯ ಪದರ ತೇಲಿತು. ಬಿಸಿನೀರಿಗೆ ಕುಸುಬಿಯ ವಾಸನೆ ಛಾವಣಿಯ ತುಂಬ ಎದ್ದಿತು. ನಾನು ತಲೆ ಎತ್ತಲಿಲ್ಲ.

ಅವರು ಬಗ್ಗಿ, ನಾನು ನೊರೆ ಒರೆಸುತ್ತಿದ್ದ ಬಟ್ಟೆಯನ್ನು ತೆಗೆದುಕೊಂಡರು. ಮೂಗಿಗೆ ಹಿಡಿದರು.

"ಇದು ನಾ ಹಚ್ಚಿದ ಎಣ್ಣಿ."

ನಾನು ಬ್ರಶ್ ಮತ್ತೆ ನೀರಿಗೆ ಅದ್ದಿದೆ.

"ಖರೆ ಹೇಳ್ರಿ. ಇದಕ್ಕೇ ಜಾರಿತೇನು?"

ಸುವರ್ಣಾಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. "ಹೌದ್ರಿ" ಎಂದೆ. ಹಾಗೆ ಎದುರಿಗೆ ನಿಂತು ಕೇಳಿದ ಮನುಷ್ಯನಿಗೆ ಸುಳ್ಳು ಹೇಳುವುದು ಹೇಗೆ ಎಂದು ನನಗೆ ಇಂದಿಗೂ ತಿಳಿಯದು.

ಅವರು ಮಗಳ ಕಡೆ ತಿರುಗಿದರು. "ನಿನಗ ಗೊತ್ತಿತ್ತೇನು?"

"ಗೊತ್ತಿತ್ತಪ್ಪಾ."

"ಮತ್ತ ಯಾಕ ಒರಸಲಿಲ್ಲ?"

"ನೀ ಹಚ್ಚಿದ್ದಿ ಅಂತ."

ಶಿವಶರಣಪ್ಪನವರು ಹಾಗೇ ನೆಲಕ್ಕೆ ಕುಳಿತರು. ಧೋತರ ನೊರೆಯಲ್ಲಿ ತೊಯ್ದದ್ದೂ ಅವರಿಗೆ ಗೊತ್ತಾಗಲಿಲ್ಲ. ಮಗಳು ಬಂದು ಹತ್ತಿರ ಕುಳಿತಳು. ಅವರು ಅವಳ ಪ್ಲಾಸ್ಟರಿನ ಮೇಲೆ ಕೈ ಇಟ್ಟರು. ನಾನು ಆಚೆ ಹೋಗಿ ಬಾಳೆಗೊನೆ ನೋಡುತ್ತ ನಿಂತೆ. ನನ್ನ ಕಣ್ಣಲ್ಲೂ ನೀರು ತುಂಬಿತ್ತು, ಅದನ್ನು ಅವರು ನೋಡುವುದು ನನಗೆ ಬೇಡವಾಗಿತ್ತು.

ತಿರುಗಿ ನೋಡಿದಾಗ ಬ್ರಶ್ ಅವರ ಕೈಯಲ್ಲಿತ್ತು. "ಹ್ಯಾಂಗ ಉಜ್ಜಬೇಕು ತೋರಸ್ರಿ" ಎಂದರು. ತೋರಿಸಿದೆ. ಹಿಂದಿನದು ಮುಗಿಸಿ ಮುಂದಿನದನ್ನೂ ತಾವೇ ತೊಳೆದರು. ಗೆರೆಗೆರೆಯ ಒಳಗೆ ಬ್ರಶ್ ಹಾಕಿ, ನೀರು ಬದಲಿಸಿ ಬದಲಿಸಿ, ಸೋಪಿನ ವಾಸನೆ ಬಿಟ್ಟು ಬೇರೇನೂ ಉಳಿಯದ ತನಕ ತೊಳೆದರು. ಬ್ರೇಕಿನ ತಟ್ಟೆಗೆ ಎಣ್ಣೆ ತಾಗಿದೆಯೇ ಎಂದು ನಾನು ನೋಡಿದೆ, ತಾಗಿರಲಿಲ್ಲ. ಆಮೇಲೆ ಅವರು ಕೈ ಒರೆಸಿಕೊಂಡು ಮೊಬೈಲು ತೆಗೆದು, ಗಾಡಿ ಕೊಳ್ಳುವವನಿಗೆ ಫೋನು ಮಾಡಿದರು.

"ಬರಬ್ಯಾಡ್ರಿ ನಾಳಿಗಿ. ಇಲ್ಲ ರೀ, ರೇಟಿನ ಮಾತಲ್ಲ. ಅದು ನಮ್ಮ ಮನಿ ಗಾಡಿ."

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ನಾನು ತಿಳಿದೆ. ತಪ್ಪು ತಿಳಿದಿದ್ದೆ. ಪ್ಲಾಸ್ಟರ್ ತೆಗೆದ ಮೇಲೆ, ಕೈ ಕೂಡಿಕೊಂಡ ಮೇಲೆ, ಅಪ್ಪ ಮಗಳು ಇಬ್ಬರೂ ಬೈಕನ್ನು ಬಾಳೆಯ ಟೆಂಪೋದಲ್ಲಿ ಹಾಕಿಕೊಂಡು ನಮ್ಮ ಅಂಗಡಿಗೆ ಬಂದರು. ಮುರಿದದ್ದನ್ನೆಲ್ಲ ಬದಲಾಯಿಸಲಾಗಿತ್ತು. ನಾನು ಗಾಲಿಗಳನ್ನು ತಿರುಗಿಸಿ ನೋಡಿ, ಗಾಳಿ ನೋಡಿ, ಟೈರು ಚೊಲೊ ಇದೆ, ಓಡಿಸಬಹುದು ಎಂದೆ. ಇಲ್ಲಿಂದ ಕಮಲಾಪುರಕ್ಕೆ ಅವಳೇ ಓಡಿಸಿಕೊಂಡು ಹೋಗುವುದೆಂದು ಮಾತಾಗಿತ್ತು.

ಸುವರ್ಣಾ ಹೆಲ್ಮೆಟ್ ಹಾಕಿ ಗಾಡಿ ಹತ್ತಿದಳು. ಚಾಲೂ ಮಾಡಿದಳು. ಗಾಡಿ ಬಂದ್ ಮಾಡಿದಳು. ಮತ್ತೆ ಚಾಲೂ ಮಾಡಿ, ಮತ್ತೆ ಬಂದ್ ಮಾಡಿದಳು. ಕಣ್ಣು ಮುಚ್ಚಿ ಇಡೀ ದಾರಿಯನ್ನು ಹೇಳಿದ್ದ ಹುಡುಗಿ ಈಗ ಅಂಗಡಿಯ ಮುಂದಿನ ರಸ್ತೆಯನ್ನು ನೋಡಿ ಬೆವರುತ್ತಿದ್ದಳು. "ಆಗವಲ್ದು ಕಾಕಾ" ಎಂದು ನನ್ನ ಕಡೆ ನೋಡಿದಳು.

ಶಿವಶರಣಪ್ಪನವರು ಟೆಂಪೋದವನಿಗೆ ಕೈ ಬೀಸಿ, "ನೀ ಹೋಗಪ್ಪಾ" ಎಂದು ಕಳಿಸಿಬಿಟ್ಟರು. ತಲೆಯ ಟೋಪಿ ತೆಗೆದು ಕಿಸೆಗೆ ತುರುಕಿದರು. ನನ್ನ ಅಂಗಡಿಯ ಹೆಲ್ಮೆಟ್ ಕೇಳಿ ಹಾಕಿಕೊಂಡರು. ಧೋತರ ಚೈನಿಗೆ ಸಿಕ್ಕೀತು ಎಂದು ನಾನು ಗಾಬರಿಯಾದಾಗ, ಕಚ್ಚೆ ಬಿಗಿದು, ತುದಿಗಳನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿ ನನಗೇ ತೋರಿಸಿದರು. ಆ ಗಾಡಿಯ ಹಿಂದಿನ ಸೀಟು ಅಂಗೈಯಗಲ, ಎತ್ತರ ಬೇರೆ. ಇಬ್ಬರು ಹಿಡಿದು ಹತ್ತಿಸಬೇಕಾಯಿತು.

"ಅಪ್ಪಾ, ಬ್ಯಾಡ. ನನಗ ಅಂಜಿಕಿ ಆಗ್ಲಾಕತ್ತದ."

"ನನಗೂ ಆಗ್ಲಾಕತ್ತದ. ಬಿದ್ರ ಇಬ್ಬರೂ ಕೂಡೇ ಬೀಳಮು. ನಡಿ."

ಅವಳು ಹೆಲ್ಮೆಟ್ಟಿನ ಒಳಗೇ ನಕ್ಕಳು, ಅಥವಾ ಅತ್ತಳು. ನನಗೆ ಸರಿಯಾಗಿ ಕೇಳಿಸಲಿಲ್ಲ. ಗಾಡಿ ಚಾಲೂ ಆಯಿತು. ನಾನು ಓಡಿಹೋಗಿ ಶಿವಶರಣಪ್ಪನವರ ಕಿವಿಯ ಹತ್ತಿರ ಕೂಗಿ ಹೇಳಿದೆ: "ತಿರುವಿನ್ಯಾಗ ಅಕಿ ಯಾವ ಕಡಿ ವಾಲ್ತಾಳೋ ನೀವೂ ಅದೇ ಕಡಿ ವಾಲ್ರಿ. ಹೆದರಿ ಎದುರು ಕಡಿ ಎಳೀಬ್ಯಾಡ್ರಿ." ಅವರು ತಲೆ ಆಡಿಸಿ, ಎರಡೂ ಕೈ ಮಗಳ ಹೆಗಲ ಮೇಲೆ ಇಟ್ಟರು.

ನಮ್ಮ ಅಂಗಡಿಯಿಂದ ಸ್ವಲ್ಪ ಮುಂದೆ ರಸ್ತೆ ಎಡಕ್ಕೆ ಹೊರಳುತ್ತದೆ. ಕೆಲಸ ಬಿಟ್ಟು ನಾವೆಲ್ಲ ರಸ್ತೆಗೆ ಬಂದು ನಿಂತಿದ್ದೆವು. ಗಾಡಿ ಮೆಲ್ಲಗೆ ಹೋಯಿತು, ತಿರುವು ಬಂತು, ಸುವರ್ಣಾ ಎಡಕ್ಕೆ ವಾಲಿದಳು. ಅವಳ ಹಿಂದೆ ಆ ಬಿಳಿ ಧೋತರದ ದೊಡ್ಡ ಆಳು, ಒಂದಿಷ್ಟೂ ಹಿಂಜರಿಯದೆ, ಮಗಳ ಜೊತೆಗೇ ಎಡಕ್ಕೆ ವಾಲಿದರು.